ಹಳೇ ಮುಸಾರ್ ಬಾಟಲಿ ತೆರೆಯುವುದು ಹೇಗೆ? ಮೊದಲು ಕಾರ್ಕ್ ಜೋಪಾನ!

ಕಳೆದ ವರ್ಷ ಗೆಳೆಯರೊಬ್ಬರ ಮನೆಯಲ್ಲಿ 1998ರ ಶಾಟೊ ಮುಸಾರ್ ವೈನ್ ತೆರೆದರು. ತೆರೆದರು ಅನ್ನೋದಕ್ಕಿಂತ ಕೊಂದರು ಅನ್ನಬೇಕು. ಕಾರ್ಕ್ ಅರ್ಧಕ್ಕೆ ಮುರಿಯಿತು, ಉಳಿದರ್ಧವನ್ನು ಸೌಟಿನ ಹಿಡಿಯಿಂದ ಒಳಗೆ ತಳ್ಳಿದರು, ಟೀ ಸೋಸುವ ಜಾಲರಿಯಲ್ಲಿ ಸೋಸಿ ಕೊಟ್ಟರು. ಊಟಕ್ಕೆ ಕರೆದವರ ಮನೆಯಲ್ಲಿ ಏನು ಹೇಳೋದು, ಚೆನ್ನಾಗಿದೆ ಅಂದೆ. ಈಗ ಇಲ್ಲಿ ಹೇಳ್ತಿದ್ದೇನೆ.

ಮುಸಾರ್ ಲೆಬನಾನ್‌ನದು. 1930ರಲ್ಲಿ ಗ್ಯಾಸ್ಟನ್ ಹೊಷಾರ್ ಶುರು ಮಾಡಿದ್ದು, ಆಮೇಲೆ ಮಗ ಸರ್ಜ್ ಹೊಷಾರ್ ಹೆಸರು ತಂದಿದ್ದು. ದ್ರಾಕ್ಷಿ ಬೆಳೆಯೋದು ಬೆಕಾ ಕಣಿವೆಯಲ್ಲಿ, ಸುಮಾರು 1,000 ಮೀಟರ್ ಎತ್ತರದಲ್ಲಿ. ವೈನ್ ಮಾಡೋದು ಬೆಟ್ಟದಾಚೆ ಘಜೀರ್‌ನಲ್ಲಿ. ಅಂತರ್ಯುದ್ಧದ ಕಾಲದಲ್ಲೂ ಲಾರಿಗಳು ದ್ರಾಕ್ಷಿ ಹೊತ್ತು ಆ ಬೆಟ್ಟ ದಾಟಿದವು. 1976ರಲ್ಲಿ ಮಾತ್ರ ವೈನ್ ಆಗಲೇ ಇಲ್ಲ. ಹೀಗೆ ಬಂದ ಬಾಟಲಿಯನ್ನು ಸೌಟಿನಲ್ಲಿ ತಿವಿಯಬಾರದು, ಅಲ್ವಾ?

ಮೊದಲ ಕೆಲಸ ಸುಲಭ. ಬಾಟಲಿಯನ್ನು ಮೂರು ದಿನ ಮುಂಚೆ ನೆಟ್ಟಗೆ ನಿಲ್ಲಿಸಿ, ತಂಪಾದ ಕತ್ತಲೆ ಜಾಗದಲ್ಲಿ. ಮುಸಾರ್ ಕೆಂಪು ವೈನನ್ನು ಸೋಸದೇ ತುಂಬುತ್ತಾರೆ, ಹಾಗಾಗಿ ವರ್ಷ ಕಳೆದಂತೆ ಕಾಫಿ ಗಷ್ಟಿನಂಥದ್ದು ಜಾಸ್ತಿ ಕಟ್ಟಿಕೊಳ್ಳುತ್ತದೆ. ಅದು ತಳಕ್ಕೆ ಇಳಿಯಲು ಸಮಯ ಬೇಕು. ವಿದೇಶದಿಂದ ನೆಂಟರು ತಂದುಕೊಟ್ಟ ಸಂಜೆಯೇ ತೆರೆಯಬೇಡಿ, ಎರಡು ವಾರವಾದರೂ ಬಿಡಿ. (ಸುಂಕ ಇಲ್ಲದೆ ಒಬ್ಬರಿಗೆ 2 ಲೀಟರ್ ತರಬಹುದು, ಅಂದರೆ ಎರಡು ಬಾಟಲಿ.)

ಈಗ ಕಾರ್ಕ್. ಎಡವೋದು ಇಲ್ಲೇ.

ಮೇಲಿನ ಹಾಳೆಯನ್ನು ಪೂರ್ತಿ ಕತ್ತರಿಸಿ ತೆಗೆದು, ಬಾಟಲಿಯ ಬಾಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಪ್ಪಗೆ ಬೂಷ್ಟು ಕಂಡರೆ ಗಾಬರಿ ಬೇಡ, ಅದು ಹೊರಗಿನದು. ಆಮೇಲೆ ಹೆಬ್ಬೆರಳಿನಿಂದ ಕಾರ್ಕನ್ನು ತುಸು ಒತ್ತಿ ನೋಡಿ. ಗಟ್ಟಿಯಾಗಿ ಕೂತಿದ್ದರೆ ಎರಡು ಕಾಲಿನ ಓಪನರ್ ಬಳಸಿ, ಆ-ಸೋ ಅಂತ ಸಿಗುತ್ತದೆ. ಉದ್ದದ ಕಾಲನ್ನು ಮೊದಲು ಗಾಜಿಗೂ ಕಾರ್ಕಿಗೂ ನಡುವೆ ತೂರಿಸಿ, ಆಮೇಲೆ ಗಿಡ್ಡ ಕಾಲು. ನೇರ ಒತ್ತಬೇಡಿ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ತೊಟ್ಟಿಲು ತೂಗಿದ ಹಾಗೆ ಇಳಿಸಿ. ಹಿಡಿ ಬಾಟಲಿಗೆ ತಾಗುವವರೆಗೂ ಇಳಿದ ಮೇಲೆ ತಿರುಗಿಸುತ್ತಾ, ತಿರುಗಿಸುತ್ತಾ ಮೇಲಕ್ಕೆ. ನನಗೆ ಒಂದು ಬಾಟಲಿಗೆ ಐದು ನಿಮಿಷ ಹಿಡಿಯುತ್ತದೆ, ಸುತ್ತ ನಿಂತವರು ಏನಾಯ್ತು ಏನಾಯ್ತು ಅನ್ನುತ್ತಿರುತ್ತಾರೆ, ಅನ್ನಲಿ.

ಒತ್ತಿದಾಗ ಕಾರ್ಕ್ ಒಳಗೆ ಜಾರಿದರೆ ಆ-ಸೋ ಬೇಡವೇ ಬೇಡ, ಅದು ಪೂರ್ತಿ ಒಳಗೇ ತಳ್ಳುತ್ತದೆ. ಆಗ ಸಾಮಾನ್ಯ ಸುರುಳಿ ಓಪನರ್ರೇ ಸರಿ, ಆದರೆ ಸುರುಳಿಯ ನಡುವೆ ಬೆಂಕಿಕಡ್ಡಿ ತೂರುವಷ್ಟು ಟೊಳ್ಳಿರಬೇಕು. ಮರಕ್ಕೆ ಹೊಡೆಯುವ ಸ್ಕ್ರೂ ಥರ ನಡುವೆ ಗಟ್ಟಿ ಕಂಬಿ ಇರುವ ಅಗ್ಗದ ಓಪನರ್‌ಗಳು ಹಳೇ ಕಾರ್ಕನ್ನು ಪುಡಿ ಮಾಡಿ ಕೈಗೆ ಕೊಡುತ್ತವೆ. ಬ್ಯಾಟರಿ ಓಪನರ್ ಕೂಡ ಅಷ್ಟೇ, ಅದಕ್ಕೆ ಕಾರ್ಕಿನ ವಯಸ್ಸು ಗೊತ್ತಾಗಲ್ಲ. ಮುರಿದರೆ ಉಳಿದ ತುಂಡಿಗೆ ಸುರುಳಿಯನ್ನು ಓರೆಯಾಗಿ ಹಾಕಿ, ಗಾಜಿನ ಗೋಡೆಗೆ ಒತ್ತಿಹಿಡಿದು ಮೆಲ್ಲಗೆ ಎಳೆಯಿರಿ.

ವೈನನ್ನು ಗಾಜಿನ ಜಗ್ಗಿಗೆ ಸುರಿಯುವಾಗ ಬಾಟಲಿ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಇಡಿ. ಒಂದೇ ಧಾರೆ, ನಡುವೆ ನಿಲ್ಲಿಸಿ ನೆಟ್ಟಗೆ ಮಾಡಿದರೆ ಮೂರು ದಿನದ ಕೆಲಸ ನೀರುಪಾಲು. ಕತ್ತಿನಲ್ಲಿ ಹೊಗೆಯ ಎಳೆಯಂತೆ ಗಷ್ಟು ಕಂಡ ಕೂಡಲೇ ನಿಲ್ಲಿಸಿ. ತಳದ ಎರಡು ಬೆರಳಷ್ಟು ಹೋದರೆ ಹೋಗಲಿ. ಬಟ್ಟೆಯಲ್ಲಿ ಸೋಸುವವರು ಸೋಪಿನ ವಾಸನೆ ಇಲ್ಲದ ಬಟ್ಟೆ ಹುಡುಕಿ ತೋರಿಸಿ, ಆಮೇಲೆ ಮಾತಾಡೋಣ. ಬಾಟಲಿಯ ಬಾಯಿಗೆ ಸಿಕ್ಕಿಸಿ ಗುಳುಗುಳು ಅಂತ ಗಾಳಿ ಬೆರೆಸುವ ಪ್ಲಾಸ್ಟಿಕ್ ಏರೇಟರ್ ಎಳೇ ವೈನಿಗೆ ಇರಲಿ.

ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ. ಮುಸಾರ್‌ಗೆ ಮೊದಲು ಒಂಚೂರು ವಿನೆಗರ್, ಒಂಚೂರು ಕುದುರೆ ಲಾಯದ ವಾಸನೆ ಇರುತ್ತದೆ. ಅರ್ಧ ಗಂಟೆ ಕಳೆದರೆ ಒಣ ಅಂಜೂರ, ಚರ್ಮದ ಬೆಲ್ಟು, ಹುಳಿ ಚೆರ್ರಿ ಬರುತ್ತವೆ. ಒದ್ದೆ ಗೋಣಿಚೀಲದ ವಾಸನೆ ಮಾತ್ರ ಎಷ್ಟು ಹೊತ್ತು ಕಾದರೂ ಹೋಗದು. ಅದು ಕಾರ್ಕ್ ಕೆಡಿಸಿದ ಬಾಟಲಿ, ಸಿಂಕಿಗೆ ಸುರಿಯಿರಿ.

ಬೇರೆ ಬೇರೆ ವರ್ಷದ ಎರಡು ಮೂರು ಬಾಟಲಿಗಳಿದ್ದರೆ ಹಳೆಯದನ್ನು ಮೊದಲು ಕುಡಿಯಿರಿ. ಎಳೆಯದರ ಒಗರು ನಾಲಿಗೆ ಹಿಡಿದ ಮೇಲೆ ಹಳೆಯದು ಸಪ್ಪೆ ಅನ್ನಿಸುತ್ತದೆ. ಉಲ್ಟಾ ಹೇಳುವವರೂ ಇದ್ದಾರೆ, ನಾನು ಒಪ್ಪಲ್ಲ. ಬಿಳಿ ಮುಸಾರ್ ಇದ್ದರೆ ಅದು ಕೊನೆಗೆ, ಕೆಂಪು ಮುಗಿದ ಮೇಲೆ. ಸರ್ಜ್ ಹೊಷಾರ್ ಕೊಡುತ್ತಿದ್ದದ್ದೂ ಹಾಗೇ. ಒಬೈದೆ, ಮೆರ್ವಾ ಅನ್ನೋ ಅಲ್ಲಿನ ನಾಟಿ ದ್ರಾಕ್ಷಿಯದು, ಹಳೆಯದಾದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಫ್ರಿಜ್‌ನಿಂದ ಮುಂಚೆಯೇ ತೆಗೆದಿಡಿ, 15 ಡಿಗ್ರಿ ಸಾಕು. ತಣ್ಣಗೆ ಕೊರೆಯುವಾಗ ಕುಡಿದರೆ ನಿಂಬೆಹುಳಿ ಬಿಟ್ಟು ಬೇರೇನೂ ಸಿಗಲ್ಲ.

ಒಂದು ಗ್ಲಾಸ್ ಕೆಂಪನ್ನು ಮುಚ್ಚಿ ಮಾರನೇ ದಿನದ ಊಟಕ್ಕೆ ಎತ್ತಿಡಿ. ನಮ್ಮ ಮನೆಯಲ್ಲಿ ಅದಕ್ಕೇ ಜಗಳ.