ಮಗುವಿನ ಕಾರ್ಡಿನಲ್ಲಿ ‘ಸ್ಟಂಟೆಡ್’, ‘ವೇಸ್ಟೆಡ್’ ಅಂತ ಇದ್ದರೆ

ಹುಬ್ಬಳ್ಳಿ-ಧಾರವಾಡದ ತಾಯಂದಿರಿಗೆ ಒಂದು ಸಲಹೆ. ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಮಗುವಿನ ಬೆಳವಣಿಗೆ ಬಗ್ಗೆ ಇಂಗ್ಲಿಷ್ ಪದ ಬರೆದುಕೊಟ್ಟರೆ, ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ ಅಂತ ಮೊದಲು ಕೇಳಿ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಸ್ಟಂಟೆಡ್. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ವೇಸ್ಟೆಡ್. ವಯಸ್ಸಿಗೆ ತಕ್ಕ ತೂಕ ಇಲ್ಲದಿದ್ದರೆ ಅಂಡರ್‌ವೇಟ್. ಮೂರೂ ಒಂದೇ ಅಲ್ಲ. ಎತ್ತರ ಕುಂಠಿತವಾಗೋದು ತಿಂಗಳುಗಟ್ಟಲೆ ಪೌಷ್ಟಿಕ ಆಹಾರ ಸಾಲದೆ, ಮೇಲಿಂದ ಮೇಲೆ ಕಾಯಿಲೆ ಬಿದ್ದು. ತೂಕ ಹಾಗಲ್ಲ, ಭೇದಿ ಅಥವಾ ಜ್ವರ ಬಂದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹಾಗಾಗಿ ವೇಸ್ಟೆಡ್ ಅಂತಿದ್ದರೆ ದಯವಿಟ್ಟು ಕಾಯಬೇಡಿ. ಅದರ ಜೊತೆ ‘ಸಿವಿಯರ್’ (ತೀವ್ರ) ಅಂತ ಇದ್ದರೆ, ಅಥವಾ 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಹುಟ್ಟಿದ ತಾರೀಕು ತಪ್ಪಾಗಿದ್ದರೆ ಸ್ಟಂಟೆಡ್, ಅಂಡರ್‌ವೇಟ್ ಎರಡೂ ತಪ್ಪಾಗಬಹುದು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ನೋಡಬೇಕು. 2 ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಇನ್ನು ಎರಡೂ ಪಾದ ಬಾತುಕೊಂಡಿದ್ದರೆ ತೂಕವನ್ನು ನಂಬಲೇಬೇಡಿ. ನೀರು ತುಂಬಿ ತೂಕ ಸರಿ ಇದ್ದಂತೆ ಕಾಣುತ್ತದೆ, ಆದರೆ ಅದು ತೀವ್ರ ಅಪೌಷ್ಟಿಕತೆಯೇ ಇರಬಹುದು.