ಆಫೀಸ್ ಫೋನ್ ಡೆಡ್ ಆಯ್ತಾ? ಪ್ಲಗ್ ಕೀಳುವ ಮೊದಲು ಲೈಟ್ ನೋಡಿ

ಫೋನ್ ಡೆಡ್ ಆದ ತಕ್ಷಣ ಯಾರೋ ಒಬ್ಬರು ಓಡಿಹೋಗಿ ಮೋಡೆಮ್ ಪ್ಲಗ್ ಕಿತ್ತು ಮತ್ತೆ ಹಾಕುತ್ತಾರೆ. ದಯವಿಟ್ಟು ತಡೆಯಿರಿ. ಮೊದಲು ಮೊಬೈಲ್ ತೆಗೆದು ಎಲ್ಲ ಲೈಟ್‌ಗಳೂ ಕಾಣುವಂತೆ ಹತ್ತು ಸೆಕೆಂಡ್ ವಿಡಿಯೋ ಮಾಡಿ. ಫೋಟೋ ಸಾಲದು, ಯಾವ ಲೈಟ್ ಮಿನುಗುತ್ತಿತ್ತು, ಯಾವುದು ಸುಮ್ನೆ ಉರಿಯುತ್ತಿತ್ತು ಅನ್ನೋದು ಅದರಲ್ಲಿ ಗೊತ್ತಾಗಲ್ಲ. ಕರೆಂಟ್ ತೆಗೆದರೆ ತೊಂದರೆ ಎಲ್ಲಿತ್ತು ಅನ್ನುವ ಸುಳಿವೇ ಅಳಿಸಿಹೋಗುತ್ತದೆ. ಅರ್ಧ ಗಂಟೆ ಸರಿಯಿದ್ದು ಮತ್ತೆ ಹೋದರೆ ಎಲ್ಲವೂ ಮೊದಲಿನಿಂದ ಶುರು.

ಈಗ ಬಹಳಷ್ಟು ಸಣ್ಣ ಆಫೀಸುಗಳಲ್ಲಿ ಏರ್ಪಾಡು ಹೀಗಿರುತ್ತದೆ: ರಸ್ತೆಯಿಂದ ಫೈಬರ್ ಕೇಬಲ್, ಗೋಡೆ ಮೇಲೆ ಫೈಬರ್ ಮೋಡೆಮ್, ಅಲ್ಲಿಂದ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಡೇಟಾ ಜೊತೆ ಕರೆಂಟನ್ನೂ ಕೊಡುವ ಪೆಟ್ಟಿಗೆ), ಸ್ವಿಚ್‌ನಿಂದ ಟೇಬಲ್ ಮೇಲಿನ ಐಪಿ (ನೆಟ್‌ವರ್ಕ್ ಕೇಬಲ್ ಮೇಲೆ ನಡೆಯುವ) ಫೋನ್‌ಗಳು. ಎಲ್ಲ ಫೋನೂ ಹೋಗಿದ್ದರೆ ಮೋಡೆಮ್‌ನಿಂದ ಶುರು ಮಾಡಿ ಒಳಗೆ ಬನ್ನಿ. ಒಂದೇ ಫೋನ್ ಹೋಗಿದ್ದರೆ ಅದರ ಟೇಬಲ್‌ನಿಂದ ಹಿಂದಕ್ಕೆ ಹೋಗಿ. ದಾರಿಯಲ್ಲಿ ಮೊದಲು ಸಿಗುವ ತಪ್ಪು ಲೈಟ್ ಸರಿಯಾಗುವವರೆಗೆ ಮುಂದಿನದನ್ನು ಮುಟ್ಟಬೇಡಿ.

ಮೋಡೆಮ್‌ನಲ್ಲಿ ಎರಡು ಲೈಟ್ ಮುಖ್ಯ, ಪಿಒಎನ್ (PON, ಮೋಡೆಮ್ ಕಂಪನಿಯ ಜಾಲಕ್ಕೆ ಸೇರಿದೆಯಾ ಅಂತ ತೋರಿಸುತ್ತದೆ) ಮತ್ತು ಎಲ್‌ಒಎಸ್ (LOS, ಬೆಳಕು ಬರುತ್ತಿಲ್ಲ ಅನ್ನುವ ಎಚ್ಚರಿಕೆ). ಪಿಒಎನ್ ಹಸಿರಾಗಿ ನಿಂತಿರಬೇಕು, ಎಲ್‌ಒಎಸ್ ಆರಿರಬೇಕು. ಎಲ್‌ಒಎಸ್ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಮೋಡೆಮ್‌ವರೆಗೆ ಬರುತ್ತಿಲ್ಲ ಅಂತ, ಆಗ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಹಸಿರು ಬಣ್ಣದ ಕನೆಕ್ಟರ್ ಸಡಿಲವಾಗಿದೆಯಾ ನೋಡಿ, ಟಕ್ ಅನ್ನುವ ತನಕ ಒತ್ತಿ. ಬೀರುವಿನ ಹಿಂದೆ ಕೇಬಲ್ ಮಡಚಿಕೊಂಡಿದೆಯಾ, ಇಲಿ ಕಡಿದಿದೆಯಾ ನೋಡಿ. ಫೈಬರನ್ನು ತಾಮ್ರದ ವೈರಿನ ಹಾಗೆ ಮಡಚಿ ಮೊಳೆಗೆ ಸುತ್ತಿಡುವವರು ತುಂಬ ಜನ ಇದ್ದಾರೆ. ಆರೇಳು ಸೆಂಟಿಮೀಟರ್ ಅಗಲಕ್ಕಿಂತ ಚಿಕ್ಕದಾಗಿ ಸುರುಳಿ ಸುತ್ತಿದರೆ ತಿರುವಿನಲ್ಲೇ ಬೆಳಕು ಸೋರಿಹೋಗಬಹುದು. ಕನೆಕ್ಟರ್ ಬಿಚ್ಚಿದರೆ ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಒಳಗೆ ಇಣುಕಿ ಅಂತೂ ನೋಡಲೇಬೇಡಿ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು, ಬರುತ್ತಿದೆಯೋ ಇಲ್ಲವೋ ನೋಡಿ ತಿಳಿಯುವುದಕ್ಕಾಗುವುದಿಲ್ಲ.

ಎಲ್‌ಒಎಸ್ ಆರಿದೆ, ಆದರೆ ಪಿಒಎನ್ ಮಿನುಗುತ್ತಲೇ ಇದೆ ಅಂದರೆ ಕಥೆ ಬೇರೆ. ಬೆಳಕು ಬರುತ್ತಿದೆ, ಮೋಡೆಮ್ ಮಾತ್ರ ಕಂಪನಿಯ ಕಡೆಯ ಯಂತ್ರದಲ್ಲಿ ರಿಜಿಸ್ಟರ್ ಆಗುತ್ತಿಲ್ಲ. ಕಂಪ್ಲೇಂಟ್ ಕೊಡುವಾಗ "ಫೋನ್ ಬರ್ತಿಲ್ಲ" ಅನ್ನುವ ಬದಲು "ಎಲ್‌ಒಎಸ್ ಆಫ್, ಪಿಒಎನ್ ಮಿನುಗುತ್ತಿದೆ" ಅಂತ ಹೇಳಿ. ಆ ಕಡೆಯವರಿಗೆ ಎಲ್ಲಿ ಹುಡುಕಬೇಕು ಅನ್ನೋದು ಬೇಗ ಹೊಳೆಯುತ್ತದೆ. ಲೈನ್‌ಮನ್ ಬಂದು ರಿಪೇರಿ ಮಾಡಿದರೆ ಕೆಂಪು ಆರಿತು ಅಂತ ಕಳಿಸಿಬಿಡಬೇಡಿ, ಪವರ್ ಮೀಟರ್ ರೀಡಿಂಗ್ ತೋರಿಸಿ ಅಂತ ಕೇಳಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಇದ್ದರೆ ಇವತ್ತು ನಡೆದರೂ ನಾಳೆ ಕೈಕೊಡುತ್ತದೆ, ಜಾಯಿಂಟ್ ಮತ್ತೆ ಮಾಡಿಸಿ.

ಮೋಡೆಮ್‌ನ ಟೆಲ್ ಪೋರ್ಟಿಗೇ ಹಳೆಯ ಲ್ಯಾಂಡ್‌ಲೈನ್ ಫೋನ್ ಹಾಕಿದ್ದರೆ ಟೆಲ್ ಲೈಟನ್ನೂ ನೋಡಿ. ಇಂಟರ್‌ನೆಟ್ ಬರುತ್ತಿದೆ, ಟೆಲ್ ಮಾತ್ರ ಆರಿದೆ ಅಂದರೆ ಹೆಚ್ಚಾಗಿ ನಿಮ್ಮ ನಂಬರ್ ರಿಜಿಸ್ಟರ್ ಆಗಿಲ್ಲ. ಇದನ್ನು ಕಂಪನಿಯವರೇ ಸರಿಮಾಡಬೇಕು. ಹಲವು ಮಾಡೆಲ್‌ಗಳಲ್ಲಿ ರಿಸೀವರ್ ಎತ್ತಿದಾಗ ಈ ಲೈಟ್ ಮಿನುಗುತ್ತದೆ. ಯಾರೂ ಮಾತಾಡದಿದ್ದಾಗಲೂ ಮಿನುಗುತ್ತಿದ್ದರೆ ಎಲ್ಲೋ ಒಂದು ರಿಸೀವರ್ ಸರಿಯಾಗಿ ಕೂತಿಲ್ಲ, ಹುಡುಕಿ.

ಇನ್ನು ಸ್ವಿಚ್. ಇಲ್ಲಿ ಒಂದು ದೃಶ್ಯ ನೆನಪಿಟ್ಟುಕೊಳ್ಳಿ: ಎಲ್ಲ ಪೋರ್ಟಿನ ಲೈಟೂ ಒಟ್ಟಿಗೆ, ಹುಚ್ಚು ಹಿಡಿದಂತೆ ಬಡಬಡ ಮಿನುಗುತ್ತಿವೆ, ಫೋನೂ ಇಲ್ಲ ಕಂಪ್ಯೂಟರೂ ಇಲ್ಲ. ಇದು ಲೂಪ್. ಐಪಿ ಫೋನಿನ ಹಿಂದೆ ಎರಡು ಪೋರ್ಟ್ ಇರುತ್ತವೆ ಅಲ್ವಾ, ಒಂದು ಗೋಡೆಯ ಸಾಕೆಟ್‌ಗೆ, ಇನ್ನೊಂದು ಕಂಪ್ಯೂಟರ್‌ಗೆ. ಟೇಬಲ್ ಸರಿಸಿದಾಗ ಅಥವಾ ಕ್ಲೀನಿಂಗ್ ಆದಮೇಲೆ ಯಾರೋ ಎರಡನ್ನೂ ಗೋಡೆಗೇ ಹಾಕಿಬಿಡುತ್ತಾರೆ. ಅಗ್ಗದ ಸ್ವಿಚ್‌ಗಳಿಗೆ ಇದನ್ನು ತಡೆಯುವ ಶಕ್ತಿ ಇರುವುದಿಲ್ಲ, ಒಳಗೆ ಸಿಕ್ಕಿದ ಡೇಟಾ ಸುತ್ತುತ್ತಲೇ ಇದ್ದು ಇಡೀ ಆಫೀಸ್ ನಿಂತುಹೋಗುತ್ತದೆ. ಒಂದೊಂದೇ ಕೇಬಲ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಉಳಿದ ಲೈಟ್‌ಗಳು ಶಾಂತವಾದವೋ ಆ ಕೇಬಲ್ ಹಿಡಿದು ಟೇಬಲ್‌ವರೆಗೆ ಹೋಗಿ.

ಪಿಒಇ ತೊಂದರೆ ಇನ್ನೊಂದು ಬಗೆ. ಫೋನಿನ ಪರದೆಯೇ ಕಪ್ಪಾಗಿದೆ, ಸ್ವಿಚ್‌ನಲ್ಲಿ ಆ ಪೋರ್ಟಿನ ಪಿಒಇ ಲೈಟ್ ಆರಿದೆ. ಆ ಕೇಬಲನ್ನು ಫೋನ್ ನಡೆಯುತ್ತಿರುವ ಬೇರೆ ಪೋರ್ಟಿಗೆ ಹಾಕಿ. ಬಂತು ಅಂದರೆ ಹಳೆಯ ಪೋರ್ಟ್ ಹೋಗಿದೆ, ಬರಲಿಲ್ಲ ಅಂದರೆ ಕೇಬಲ್ ಅಥವಾ ಫೋನ್. ಕೆಲವೊಮ್ಮೆ ಯಾವುದೂ ಕೆಟ್ಟಿರುವುದಿಲ್ಲ, ಸ್ವಿಚ್‌ಗೆ ಕೊಡಲು ಕರೆಂಟ್ ಉಳಿದಿರುವುದಿಲ್ಲ ಅಷ್ಟೇ. ಸಾಮಾನ್ಯ ಪಿಒಇಯಲ್ಲಿ ಒಂದು ಪೋರ್ಟಿಗೆ ಗರಿಷ್ಠ 15.4 ವ್ಯಾಟ್, ಆದರೆ ಎಂಟು ಪೋರ್ಟಿನ ಸಣ್ಣ ಸ್ವಿಚ್‌ಗಳಲ್ಲಿ ಒಟ್ಟು 60 ವ್ಯಾಟಿನ ಆಸುಪಾಸು ಮಾತ್ರ ಇರುವುದುಂಟು. ಫೋನ್‌ಗಳಷ್ಟೇ ಇದ್ದರೆ ಧಾರಾಳ ಸಾಕು. ಅದೇ ಸ್ವಿಚ್‌ಗೆ ಸಿಸಿಟಿವಿ ಕ್ಯಾಮೆರಾ, ವೈಫೈ ಬಾಕ್ಸ್ ಎಲ್ಲ ಸೇರಿಸಿದರೆ ಕತ್ತಲಾದ ಮೇಲೆ ಕ್ಯಾಮೆರಾದ ರಾತ್ರಿ ಲೈಟ್ ಹೊತ್ತಿಕೊಂಡು ಕರೆಂಟ್ ಜಾಸ್ತಿ ಎಳೆಯುತ್ತದೆ, ಆಗ ಒಂದು ಫೋನ್ ಆರಿಹೋಗಬಹುದು. ಹಗಲು ಸರಿಯಿದ್ದು ಸಂಜೆ ಹೋಗುವ ಫೋನ್ ಇದ್ದರೆ ಮೊದಲು ಇದನ್ನೇ ಅನುಮಾನಿಸಿ.

ಎಲ್ಲ ಲೈಟೂ ಸರಿಯಿದೆ, ರಿಂಗೂ ಆಗುತ್ತದೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ ಅಂದರೆ ಲೈಟ್ ನೋಡಿ ಪ್ರಯೋಜನವಿಲ್ಲ. ಮೋಡೆಮ್‌ನ (ಬೇರೆ ರೂಟರ್ ಇದ್ದರೆ ಅದರ) ಸೆಟ್ಟಿಂಗ್‌ನಲ್ಲಿ ಎಸ್‌ಐಪಿ ಎಎಲ್‌ಜಿ (SIP ALG, ಫೋನ್ ಕರೆಯ ಡೇಟಾವನ್ನು ದಾರಿಯಲ್ಲಿ ತಿದ್ದುವ ಸೌಲಭ್ಯ) ಅಂತ ಇರುತ್ತದೆ, ಅದನ್ನು ಆಫ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ರೀಸ್ಟಾರ್ಟ್ ಮಾಡಲೇಬೇಕು ಅಂದರೆ ಪವರ್ ಬಟನ್ ಮಾತ್ರ ಬಳಸಿ. ಹಿಂದೆ ಸಣ್ಣ ತೂತಿನೊಳಗಿರುವ ರೀಸೆಟ್ ಬಟನ್‌ಗೆ ಪಿನ್ ಚುಚ್ಚಿ ಹಿಡಿಯಬೇಡಿ. ಕಂಪನಿಯವರು ತುಂಬಿಸಿದ ಯೂಸರ್‌ನೇಮ್, ಪಾಸ್‌ವರ್ಡ್, ಫೋನ್ ಸೆಟ್ಟಿಂಗ್ ಅಷ್ಟೂ ಅಳಿಸಿಹೋಗಬಹುದು, ಆಮೇಲೆ ಅವರು ಬಂದು ಮತ್ತೆ ತುಂಬಿಸುವ ತನಕ ಕಾಯಬೇಕಾಗುತ್ತದೆ.