ವೇರಿಯಂಟ್ ಆರಿಸುವಾಗ ಹೀಗೆ ಲೆಕ್ಕ ಹಾಕಿ
ಸಣ್ಣ ಕಾರು ಕೊಳ್ಳುವಾಗ ಇಡೀ ಫೀಚರ್ ಪಟ್ಟಿ ಓದುತ್ತಾ ಕೂರಬೇಡಿ. ಅಕ್ಕಪಕ್ಕದ ಎರಡು ವೇರಿಯಂಟ್ (ಒಂದೇ ಕಾರಿನ ಬೇರೆ ಬೇರೆ ಬೆಲೆಯ ಆವೃತ್ತಿಗಳು) ಹಿಡಿದು, ಮೇಲಿನದರಲ್ಲಿ ಜಾಸ್ತಿ ಏನಿದೆಯೋ ಅಷ್ಟನ್ನೇ ಬರೆದುಕೊಳ್ಳಿ. ಆಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸಬಹುದಾದ ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಅಲಾಯ್ ವೀಲ್ ಇವನ್ನೆಲ್ಲ ಹೊಡೆದುಹಾಕಿ. ಉಳಿದದ್ದಕ್ಕೆ ಎರಡರ ಬೆಲೆ ವ್ಯತ್ಯಾಸದಷ್ಟು ದುಡ್ಡು ಕೊಡಬಹುದಾ ನೋಡಿ. ಬೇಕಾದ ಒಂದರ ಜೊತೆ ಬೇಡದ ನಾಲ್ಕನ್ನು ಸೇರಿಸಿ ಮಾರುತ್ತಾರಲ್ವಾ, ಅದು ಇಲ್ಲಿ ಬಯಲಾಗುತ್ತದೆ. ಹೆಚ್ಚಿನ ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿತ ಕಾಯುವ ಸ್ಟೆಬಿಲಿಟಿ ಕಂಟ್ರೋಲ್ ಆಮೇಲೆ ಹಾಕಿಸಲು ಆಗುವುದಿಲ್ಲ. ಅವು ಮೇಲಿನದರಲ್ಲಿ ಮಾತ್ರ ಇದ್ದರೆ ಯೋಚಿಸದೆ ಅದನ್ನೇ ತಗೊಳ್ಳಿ. ವ್ಯತ್ಯಾಸವನ್ನು ತೆರಿಗೆ, ವಿಮೆ ಎಲ್ಲ ಸೇರಿದ ಆನ್-ರೋಡ್ ಬೆಲೆಯಲ್ಲೇ ಲೆಕ್ಕ ಹಾಕಿ, ಅವು ಕೂಡ ಏರಿರುತ್ತವೆ. ಎಂಜಿನ್ ಅಥವಾ ಗೇರ್‌ಬಾಕ್ಸ್ ಬೇರೆಯಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಓಡಿಸಿಯೇ ನೋಡಬೇಕು. ಹೊರಗೆ ವೈರ್ ಕತ್ತರಿಸಿ ಏನಾದರೂ ಹಾಕಿಸಿದರೆ ವಾರಂಟಿಗೆ ತೊಂದರೆಯಾಗಬಹುದು, ಮೊದಲೇ ಕೇಳಿಕೊಳ್ಳಿ.